ನಿಂಬೆಹಣ್ಣು ಯಾವ ಕಾಲಂಗೆ ಸೇರುತ್ತದೆ?

"ತಾತ, ನಿಂಬೆಹಣ್ಣು ಹುಳಿ ತಾನೆ? ಹುಳಿ ಅಂದ್ರೆ ಆಮ್ಲ ಅಂತ ನಮ್ಮ ಪುಸ್ತಕದಲ್ಲಿದೆ. ನಿನ್ನ ಚಾರ್ಟಿನಲ್ಲಿ ಅದು ಕ್ಷಾರದ ಕಡೆ ಯಾಕಿದೆ?"

ಏಳನೇ ತರಗತಿಯ ಮೊಮ್ಮಗಳು ಫ್ರಿಜ್ಜಿನ ಮುಂದೆ ನಿಂತು ಹೀಗೆ ಕೇಳಿದಾಗ ನನಗೆ ಉತ್ತರ ತೋಚಲಿಲ್ಲ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಗುಮಾಸ್ತನಾಗಿದ್ದವನು ನಾನು. ಎಡಗಡೆ ಖರ್ಚು, ಬಲಗಡೆ ಜಮಾ, ಕೊನೆಗೆ ಎರಡೂ ಟ್ಯಾಲಿ ಆಗಬೇಕು. ಎರಡು ಕಾಲಂ ಇರುವ ಯಾವ ಕಾಗದ ಕಂಡರೂ ನನಗೆ ಒಂದು ಬಗೆಯ ಗೌರವ. ಆ ಗೌರವವೇ ನನ್ನನ್ನು ಕೆಡಿಸಿತು.

ನಡೆದದ್ದು ಇಷ್ಟು. ಬೆಳಗಿನ ವಾಕಿಂಗ್ ಮುಗಿಸಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ನಾವು ನಾಲ್ಕೈದು ಜನ ನಿವೃತ್ತರು ಕೂರುವುದು ವಾಡಿಕೆ. ಅಲ್ಲಿಗೆ ಒಬ್ಬ ಯುವಕ ಬಂದ. ನೀರನ್ನು ಕ್ಷಾರೀಯ ಮಾಡುವ ಯಂತ್ರ ಮಾರುವವನು. ಒಂದು ಬಣ್ಣದ ಕಾಗದದ ಚೂರನ್ನು ನಮ್ಮ ನಾಲಿಗೆಗೆ ಮುಟ್ಟಿಸಿ, "ಸರ್, ನಿಮ್ಮ ದೇಹ ಪೂರ್ತಿ ಆಮ್ಲೀಯ ಆಗಿದೆ. ಎಲ್ಲ ಕಾಯಿಲೆಗೂ ಇದೇ ಮೂಲ" ಎಂದ. ಯಂತ್ರದ ಬೆಲೆ ಕೇಳಿ ನಾನು ಎದ್ದೆ. ಆದರೆ ಅವನು ಪುಕ್ಕಟೆ ಕೊಟ್ಟ ಚಾರ್ಟನ್ನು ಮಾತ್ರ ಮಡಿಸಿ ಜೇಬಿಗಿಟ್ಟುಕೊಂಡೆ. ಒಂದು ಕಡೆ ಕೆಂಪು ಕಾಲಂ, ಆಮ್ಲ ಆಹಾರ. ಇನ್ನೊಂದು ಕಡೆ ಹಸಿರು ಕಾಲಂ, ಕ್ಷಾರ ಆಹಾರ.

ಮರುದಿನದಿಂದ ನನ್ನ ಊಟವೇ ಬದಲಾಯಿತು. ಕೆಂಪು ಕಾಲಂನಲ್ಲಿದ್ದ ರಾಗಿಮುದ್ದೆ, ಅನ್ನ, ತೊಗರಿಬೇಳೆ ಸಾರು, ಮೊಸರು ಎಲ್ಲಕ್ಕೂ ನಮಸ್ಕಾರ ಹೇಳಿದೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ. ಆಮೇಲೆ ಎಳನೀರು. ತಿಂಡಿಗೆ ಹಸಿ ಪಾಲಕ್ ಜ್ಯೂಸ್ ಮತ್ತು ಬಾಳೆಹಣ್ಣು. ಸಂಜೆ ಮತ್ತೊಂದು ಎಳನೀರು. "ತುಮಕೂರಿನವರಾಗಿ ಮುದ್ದೆ ಬಿಟ್ಟರೆ ಊರು ನಗುತ್ತೆ" ಎಂದಳು ನನ್ನಾಕೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲ ವಾರ ಮೈ ಹಗುರವಾದಂತೆಯೇ ಅನ್ನಿಸಿತು. ಮೂರನೇ ವಾರದಲ್ಲಿ ಮೊಮ್ಮಗಳು ರಜೆಗೆ ಬಂದಳು, ಬಂದವಳೇ ಈ ಪ್ರಶ್ನೆ ಕೇಳಿದಳು.

ಆರತಿ ತಟ್ಟೆಯ ಪ್ರಯೋಗ

"ಪರೀಕ್ಷೆ ಮಾಡೇಬಿಡೋಣ" ಎಂದು ಅವಳು ಅಡುಗೆಮನೆಯನ್ನೇ ಪ್ರಯೋಗಶಾಲೆ ಮಾಡಿದಳು. ಮಕ್ಕಳೇ, ಇದನ್ನು ನೀವೂ ಮಾಡಬಹುದು.

ಅರಿಸಿನವನ್ನು ನೀರಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ಬಳಿದು ಒಣಗಿಸಿ. ಅದರ ಮೇಲೆ ಸೋಪಿನ ನೀರು ಹಾಕಿದರೆ ಹಳದಿ ಕೆಂಪಾಗುತ್ತದೆ. ಸೋಪು ಕ್ಷಾರ. ಸಾರು ಚೆಲ್ಲಿದ ಬಿಳಿ ಅಂಗಿಯನ್ನು ಸೋಪು ಹಾಕಿ ತಿಕ್ಕಿದಾಗ ಕಲೆ ಕೆಂಪಾಗುವುದು ಇದೇ ಕಾರಣಕ್ಕೆ. ಮದುವೆ ಮನೆಯಲ್ಲಿ ಅಜ್ಜಿಯರು ಆರತಿ ತಟ್ಟೆಯ ನೀರಿಗೆ ಅರಿಸಿನ ಹಾಕಿ, ಚಿಟಿಕೆ ಸುಣ್ಣ ಬೆರೆಸಿ ಕೆಂಪು ಮಾಡುವುದೂ ಇದೇ ರಸಾಯನಶಾಸ್ತ್ರ. ಯಾವ ಪುಸ್ತಕವನ್ನೂ ಓದದೆ ಅವರು ಈ ಪರೀಕ್ಷೆಯನ್ನು ಮಾಡುತ್ತ ಬಂದಿದ್ದಾರೆ. (ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ಅದನ್ನು ದೊಡ್ಡವರೇ ಮುಟ್ಟಲಿ.)

ಅರಿಸಿನ ಕ್ಷಾರವನ್ನು ತೋರಿಸುತ್ತದೆ, ಆಮ್ಲಕ್ಕೆ ಬಣ್ಣ ಬದಲಿಸುವುದಿಲ್ಲ. ಆಮ್ಲಕ್ಕೆ ದಾಸವಾಳ ಬೇಕು. ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿದರೆ ಬಣ್ಣದ ನೀರು ಸಿಗುತ್ತದೆ. ಆಮ್ಲ ಸೇರಿದರೆ ಅದು ಗಾಢ ಗುಲಾಬಿಯಾಗುತ್ತದೆ, ಕ್ಷಾರ ಸೇರಿದರೆ ಹಸಿರಾಗುತ್ತದೆ.

ಮೊಮ್ಮಗಳು ಸಾಲಾಗಿ ಲೋಟಗಳನ್ನು ಇಟ್ಟಳು. ಅಡುಗೆ ಸೋಡಾ ಹಾಕಿದ ಲೋಟ ಹಸಿರಾಯಿತು. ನಿಂಬೆರಸ ಹಾಕಿದ್ದು ಗಾಢ ಗುಲಾಬಿ. ನಾನು ದಿನಕ್ಕೆರಡು ಕುಡಿಯುತ್ತಿದ್ದ ಎಳನೀರೂ ಸ್ವಲ್ಪ ಗುಲಾಬಿಯ ಕಡೆಗೇ ವಾಲಿತು. "ತಾತ, ದಾಸವಾಳ ಸುಳ್ಳು ಹೇಳಲ್ಲ. ನಿನ್ನ ಚಾರ್ಟೇ ಸುಳ್ಳು!" ಎಂದು ತೀರ್ಪು ಕೊಟ್ಟಳು.

ನನಗೆ ಅವಮಾನವಾಯಿತು. ಉತ್ತರ ಹುಡುಕಬೇಕು ಅಂದುಕೊಂಡೆ. ಅಷ್ಟರಲ್ಲಿ ಉತ್ತರ ಬೇರೆ ದಾರಿಯಲ್ಲಿ ಮನೆಗೆ ಬಂತು.

ಕಾಲು ಊದಿದ್ದು

ಒಂದು ಸಂಜೆ ಚಪ್ಪಲಿ ಕಾಲಿಗೆ ಹಿಡಿಯಲಿಲ್ಲ. ಪಾದ ಊದಿಕೊಂಡಿತ್ತು, ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಮಹಡಿ ಮೆಟ್ಟಿಲು ಹತ್ತುವಾಗ ತೊಡೆಗಳಲ್ಲಿ ಶಕ್ತಿಯೇ ಇಲ್ಲ. ಮೊಮ್ಮಗಳು ನನ್ನ ಕೈ ಹಿಡಿದು ಹತ್ತಿಸಿದಳು. ನನ್ನಾಕೆ ಆ ರಾತ್ರಿ ನಿದ್ದೆ ಮಾಡಲಿಲ್ಲ, ಬೆಳಿಗ್ಗೆ ಮಗನಿಗೆ ಫೋನ್ ಮಾಡಿ ಡಾಕ್ಟರ ಬಳಿ ಕರೆದೊಯ್ಯಲು ಹೇಳಿದಳು.

ನನಗೆ ಹನ್ನೆರಡು ವರ್ಷದಿಂದ ಬಿ.ಪಿ. ಇದೆ. ಮಾತ್ರೆಯಲ್ಲಿ ಅದು ಹಿಡಿತದಲ್ಲಿತ್ತು. ಅಂದು 160ರ ಮೇಲಿತ್ತು. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 5.9 ಬಂತು. ಸಾಮಾನ್ಯವಾಗಿ ಅದು 3.5ರಿಂದ 5ರ ಆಸುಪಾಸಿನಲ್ಲಿರಬೇಕು. ಡಾಕ್ಟರು ತಕ್ಷಣ ಇ.ಸಿ.ಜಿ. ಮಾಡಿಸಿದರು. ಪೊಟ್ಯಾಸಿಯಂ ಮಿತಿ ಮೀರಿದರೆ ಹೃದಯದ ಲಯವೇ ತಪ್ಪಬಹುದಂತೆ. ನನ್ನ ಪುಣ್ಯ, ಇ.ಸಿ.ಜಿ. ಸರಿಯಿತ್ತು.

"ಏನು ಊಟ ಮಾಡ್ತಿದ್ದೀರಿ?" ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಚಾರ್ಟ್ ತೆಗೆದು ಮೇಜಿನ ಮೇಲಿಟ್ಟೆ. ಅವರು ಓದಿ, ಕನ್ನಡಕ ತೆಗೆದು, ನಿಧಾನವಾಗಿ ಹೇಳತೊಡಗಿದರು.

ನನ್ನ ಕಿಡ್ನಿಗಳು ವಯಸ್ಸಿಗೆ ತಕ್ಕಂತೆ ಸ್ವಲ್ಪ ಸೋತಿವೆ. ಅದು ನನಗೆ ಗೊತ್ತಿರಲೇ ಇಲ್ಲ. ನಾನು ನುಂಗುವ ಬಿ.ಪಿ. ಮಾತ್ರೆ ದೇಹದಲ್ಲಿ ಪೊಟ್ಯಾಸಿಯಂ ಉಳಿಸಿಕೊಳ್ಳುವ ಜಾತಿಯದು. ಅದರ ಮೇಲೆ ಎಳನೀರು, ಬಾಳೆಹಣ್ಣು, ಪಾಲಕ್ ರಸ, ಮೂರರಲ್ಲೂ ಪೊಟ್ಯಾಸಿಯಂ ತುಂಬಿದೆ. ಆರೋಗ್ಯವಂತನ ಕಿಡ್ನಿ ಹೆಚ್ಚಾದ ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಹೊರಗೆ ಕಳಿಸಿಬಿಡುತ್ತದೆ. ನನ್ನದಕ್ಕೆ ಆ ಕೆಲಸ ಭಾರವಾಯಿತು. ಇನ್ನು ಸೋಡಾ. ಒಂದು ಚಮಚ ಅಡುಗೆ ಸೋಡಾದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇದೆ. ದೊಡ್ಡವರಿಗೆ ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಹಲ್ಲುಜ್ಜಿದ ಮೇಲೆ ಮೊದಲ ಲೋಟದಲ್ಲೇ ಅರ್ಧಕ್ಕಿಂತ ಹೆಚ್ಚು ಕೋಟಾ ಮುಗಿದಿತ್ತು. ಕಾಲು ಊದದೆ ಇನ್ನೇನಾದೀತು?

"ಕೆಲವು ಕಿಡ್ನಿ ರೋಗಿಗಳಿಗೆ ನಾವೇ ಸೋಡಾ ಮಾತ್ರೆ ಬರೆಯುತ್ತೇವೆ. ಆದರೆ ರಕ್ತ ಪರೀಕ್ಷೆ ನೋಡಿ, ಅಳತೆ ಮಾಡಿ. ಚಮಚದ ಲೆಕ್ಕದಲ್ಲಲ್ಲ" ಎಂದರು.

ರಕ್ತವೆಂಬ ಕಟ್ಟುನಿಟ್ಟಿನ ಮ್ಯಾನೇಜರು

ಮಾತ್ರೆ ಬದಲಾಯಿತು, ಊಟ ಬದಲಾಯಿತು. ಎರಡು ವಾರದಲ್ಲಿ ಪೊಟ್ಯಾಸಿಯಂ 4.7ಕ್ಕೆ ಇಳಿಯಿತು, ಚಪ್ಪಲಿ ಮತ್ತೆ ಕಾಲಿಗೆ ಹಿಡಿಯಿತು. ಆಮೇಲೆ ನಾನೂ ಮೊಮ್ಮಗಳೂ ಕೂತು ಓದಿದೆವು. ನಮಗೆ ತಿಳಿದದ್ದನ್ನು ಹೇಳುತ್ತೇನೆ.

ಆಮ್ಲ, ಕ್ಷಾರಗಳನ್ನು ಅಳೆಯುವ ಕೋಲಿಗೆ ಪಿಎಚ್ ಎಂದು ಹೆಸರು. 1909ರಲ್ಲಿ ಡೆನ್ಮಾರ್ಕಿನ ರಸಾಯನ ವಿಜ್ಞಾನಿ ಸೋರೆನ್ಸನ್ ಅದನ್ನು ರೂಪಿಸಿದರು. ಸಾಮಾನ್ಯವಾಗಿ 0ಯಿಂದ 14ರವರೆಗೆ ಎಣಿಸುತ್ತಾರೆ. ಶುದ್ಧ ನೀರು 7. ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ನಿಂಬೆರಸ ಸುಮಾರು 2. ಇದರಲ್ಲಿ ಒಂದು ಮೆಟ್ಟಿಲು ಎಂದರೆ ಹತ್ತು ಪಟ್ಟು ವ್ಯತ್ಯಾಸ ಎಂಬುದನ್ನು ಮಕ್ಕಳು ನೆನಪಿಡಬೇಕು.

ನಮ್ಮ ರಕ್ತದ ಪಿಎಚ್ 7.35ರಿಂದ 7.45ರ ಒಳಗಿರುತ್ತದೆ. ಅಂದರೆ ರಕ್ತ ಈಗಾಗಲೇ ತುಸು ಕ್ಷಾರೀಯವೇ. ಈ ಸಣ್ಣ ಗಡಿಯನ್ನು ಅದು ದಾಟಿದರೆ ಮನುಷ್ಯ ಆಸ್ಪತ್ರೆಯಲ್ಲಿರುತ್ತಾನೆ, ಪಾರ್ಕಿನ ಬೆಂಚಿನ ಮೇಲಲ್ಲ. ನಾವು ಉಪ್ಪಿನಕಾಯಿ ತಿನ್ನಲಿ, ಪಾಲಕ್ ತಿನ್ನಲಿ, ದೇಹ ಈ ಅಂಕಿಯನ್ನು ಬದಲಾಗಲು ಬಿಡುವುದಿಲ್ಲ.

ಹೇಗೆ ಕಾಪಾಡುತ್ತದೆ? ಮೊದಲ ಕಾವಲು ರಕ್ತದಲ್ಲೇ ಇದೆ. ಬೈಕಾರ್ಬನೇಟ್ ಎಂಬ ಕ್ಷಾರ ಅಲ್ಲಿ ಸದಾ ಸಿದ್ಧವಾಗಿದ್ದು ಆಮ್ಲ ಬಂದ ಕೂಡಲೇ ಅದನ್ನು ಹಿಡಿದುಹಾಕುತ್ತದೆ. ಬ್ಯಾಂಕಿನಲ್ಲಿ ದಿನದ ವ್ಯವಹಾರಕ್ಕೆ ಕ್ಯಾಷ್ ಇಟ್ಟುಕೊಂಡಿರುತ್ತಿದ್ದೆವಲ್ಲ, ಹಾಗೆ. ಎರಡನೆಯದು ಶ್ವಾಸಕೋಶ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿದರೆ ಆಮ್ಲವಾಗುತ್ತದೆ. ನಾವು ಉಸಿರು ಬಿಟ್ಟಾಗಲೆಲ್ಲ ಅದು ಹೊರಗೆ ಹೋಗುತ್ತದೆ. ಮೂರನೆಯದು ಕಿಡ್ನಿ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದ ಬೈಕಾರ್ಬನೇಟನ್ನು ರಕ್ತಕ್ಕೆ ಮರಳಿಸಿ, ಮಿಕ್ಕ ಆಮ್ಲವನ್ನು ಮೂತ್ರದ ಜೊತೆ ಕಳಿಸುತ್ತದೆ. ದಿನದ ಕೊನೆಯಲ್ಲಿ ಟ್ಯಾಲಿ ಮಾಡುವವನು ಅವನೇ.

ಹಾಗಾಗಿ ಮೂತ್ರದ ಪಿಎಚ್ ಊಟಕ್ಕೆ ತಕ್ಕಂತೆ ಏರಿಳಿಯುತ್ತದೆ, ರಕ್ತದ್ದು ಏರಿಳಿಯುವುದಿಲ್ಲ. ಎಂಜಲಿಗೆ ಕಾಗದ ಮುಟ್ಟಿಸಿ ಇಡೀ ದೇಹದ ಜಾತಕ ಹೇಳಲು ಆಗುವುದಿಲ್ಲ. ಕ್ಷಾರೀಯ ನೀರಿನ ಕಥೆಯೂ ಅಷ್ಟೆ. ಹೊಟ್ಟೆಯೊಳಗೆ ನಿಂಬೆರಸದಷ್ಟೇ ತೀಕ್ಷ್ಣವಾದ ಆಮ್ಲ ಕಾದಿರುತ್ತದೆ. ಆಹಾರ ಅರಗಲು, ರೋಗಾಣು ಸಾಯಲು ಅದು ಬೇಕು. ಕುಡಿದ ನೀರು ಅಲ್ಲಿಗೆ ಹೋದ ಮೇಲೆ ಅದರ ಕ್ಷಾರ ಹೆಚ್ಚು ಹೊತ್ತು ಉಳಿಯದು. ಹೊಟ್ಟೆ ದಾಟಿ ಸಣ್ಣ ಕರುಳಿಗೆ ಬಂದ ಆಹಾರದ ಆಮ್ಲವನ್ನು ಕಳೆಯಲು ಮೇದೋಜೀರಕ ಗ್ರಂಥಿಯೇ ಬೈಕಾರ್ಬನೇಟ್ ಸುರಿಸುತ್ತದೆ. ಯಂತ್ರ ಈಗಾಗಲೇ ನಮ್ಮೊಳಗಿದೆ, ಕಂತು ಕಟ್ಟಬೇಕಿಲ್ಲ.

ಒಲೆಯ ಬೂದಿಯಲ್ಲಿದ್ದ ಉತ್ತರ

ಹಾಗಾದರೆ ನಿಂಬೆಹಣ್ಣು? ದಾಸವಾಳವೂ ಸುಳ್ಳು ಹೇಳಿರಲಿಲ್ಲ, ಆ ಒಂದು ಸಾಲಿನಲ್ಲಿ ಚಾರ್ಟೂ ಸುಳ್ಳು ಹೇಳಿರಲಿಲ್ಲ.

ಹಿಂದಿನ ಕಾಲದ ವಿಜ್ಞಾನಿಗಳು ಆಹಾರವನ್ನು ಸುಟ್ಟು, ಉಳಿದ ಬೂದಿ ಆಮ್ಲವೋ ಕ್ಷಾರವೋ ಎಂದು ನೋಡುತ್ತಿದ್ದರು. ನಮ್ಮ ತಾಯಿ ಒಲೆಯ ಬೂದಿಯಿಂದ ಪಾತ್ರೆ ಬೆಳಗುತ್ತಿದ್ದರು. ಸೌದೆಯ ಬೂದಿ ಕ್ಷಾರ, ಅದಕ್ಕೇ ಜಿಡ್ಡು ಬಿಡುತ್ತಿತ್ತು. ಬೂದಿ ಕದಡಿದ ನೀರಿಗೆ ಅರಿಸಿನದ ಕಾಗದ ಅದ್ದಿ ನೋಡಿ, ಕೆಂಪಾಗುತ್ತದೆ. ಇಂಗ್ಲಿಷಿನ ಅಲ್ಕಲಿ ಎಂಬ ಪದವೂ ಗಿಡದ ಬೂದಿಯನ್ನು ಹೇಳುವ ಅರಬ್ಬಿ ಮಾತಿನಿಂದಲೇ ಬಂದದ್ದು.

ದೇಹದಲ್ಲೂ ಒಂದು ಬಗೆಯಲ್ಲಿ ಆಹಾರ ಉರಿಯುತ್ತದೆ. ನಿಂಬೆಯ ಹುಳಿ ಸಿಟ್ರಿಕ್ ಆಮ್ಲ. ಅದು ಉರಿದು ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆ ಗಾಳಿ ಉಸಿರಿನಲ್ಲಿ ಹೋಗುತ್ತದೆ. ಪೊಟ್ಯಾಸಿಯಂ ಜೊತೆಗೂಡಿದ್ದ ಸಿಟ್ರೇಟ್ ಮಾತ್ರ ಉರಿದ ಮೇಲೆ ಬೈಕಾರ್ಬನೇಟನ್ನು, ಅಂದರೆ ಕ್ಷಾರವನ್ನು ಉಳಿಸುತ್ತದೆ. ನಾಲಿಗೆಗೆ ಹುಳಿ, ಲೆಕ್ಕದ ಕೊನೆಯಲ್ಲಿ ಕ್ಷಾರ. ಮೊಟ್ಟೆ, ಮಾಂಸ, ಗಿಣ್ಣು ಹುಳಿಯಲ್ಲ. ಆದರೆ ಅವುಗಳ ಪ್ರೋಟೀನಿನಲ್ಲಿ ಗಂಧಕ ಇರುತ್ತದೆ, ಅದು ಕೊನೆಗೆ ಆಮ್ಲವಾಗುತ್ತದೆ. ಧಾನ್ಯಗಳೂ ಸ್ವಲ್ಪ ಆ ಕಡೆಯವೇ.

1995ರಲ್ಲಿ ಜರ್ಮನಿಯ ಡಾರ್ಟ್‌ಮುಂಡ್ ನಗರದಲ್ಲಿ, ಮಕ್ಕಳ ಪೋಷಣೆಯ ಸಂಶೋಧನಾ ಸಂಸ್ಥೆಯಲ್ಲಿದ್ದ ರೆಮರ್ ಮತ್ತು ಮಾನ್ಸ್ ಎಂಬ ಇಬ್ಬರು ಇದನ್ನೆಲ್ಲ ಅಂಕಿಯಲ್ಲಿ ಬರೆದರು. 100 ಗ್ರಾಂ ಆಹಾರ ಕಿಡ್ನಿಯ ಮೇಲೆ ಎಷ್ಟು ಆಮ್ಲದ ಹೊರೆ ಹಾಕುತ್ತದೆ ಎಂಬ ಲೆಕ್ಕ ಅದು. ಒಣದ್ರಾಕ್ಷಿ ಮೈನಸ್ 21, ಪಾಲಕ್ ಮೈನಸ್ 14, ಬಾಳೆಹಣ್ಣು ಮೈನಸ್ 5.5. ಮೈನಸ್ ಎಂದರೆ ಕ್ಷಾರದ ಕಡೆ. ಅಕ್ಕಿ 4.6, ಮೊಟ್ಟೆ 8.2. ಹಾಲು 0.7, ಮೊಸರು 1.5. ಅಂದರೆ ನಾನು ಬಿಟ್ಟಿದ್ದ ಮೊಸರು ಹೆಚ್ಚುಕಡಿಮೆ ತಟಸ್ಥ! ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಚಿಲ್ಲರೆ ವ್ಯತ್ಯಾಸಕ್ಕಾಗಿ ನಾನು ಒಳ್ಳೆಯ ಖಾತೆಯನ್ನೇ ಮುಚ್ಚಿಬಿಟ್ಟಿದ್ದೆ.

ಆಮ್ಲ ಆಹಾರ ತಿಂದರೆ ಮೂಳೆ ಕರಗುತ್ತದೆ ಎಂದೂ ಚಾರ್ಟಿನಲ್ಲಿತ್ತು. ಆ ಮಾತಿಗೆ ಗಟ್ಟಿ ಆಧಾರ ಸಿಕ್ಕಿಲ್ಲ. ಮೂಳೆಗೆ ಕ್ಯಾಲ್ಸಿಯಂ, ಪ್ರೋಟೀನ್, ಬಿಸಿಲು, ನಡಿಗೆ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಕೆಂಪು ಕಾಲಂ ನೋಡಿ ಮುದ್ದೆ ಬಿಟ್ಟವನ ಬುದ್ಧಿಗೆ ಏನೆನ್ನಬೇಕು?

ಹಾಗಾದರೆ ಏನು ತಿನ್ನೋಣ?

ಕ್ಷಾರ ಆಹಾರ ಎಂಬ ಮಾತಿನಲ್ಲಿ ಹುರುಳೇ ಇಲ್ಲವೇ? ಇದೆ. ಹಸಿರು ಕಾಲಂನ ಸೊಪ್ಪು, ತರಕಾರಿ, ಹಣ್ಣು ನಿಜಕ್ಕೂ ಒಳ್ಳೆಯವು. ನಾರು, ವಿಟಮಿನ್, ಖನಿಜ ಎಲ್ಲ ಕೊಡುತ್ತವೆ. ಹಣ್ಣು ತರಕಾರಿ ಸೇರಿ ದಿನಕ್ಕೆ ಕನಿಷ್ಠ 400 ಗ್ರಾಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಬಹಳ ಮನೆಗಳಲ್ಲಿ ಅನ್ನದ ಗುಡ್ಡ, ಪಲ್ಯದ ಚಿಟಿಕೆ. ಆ ಅಳತೆಯನ್ನು ತಿದ್ದಬೇಕು. ರಕ್ತವನ್ನು ತಿದ್ದುವುದು ನಮ್ಮ ಕೆಲಸವಲ್ಲ.

ಆರೋಗ್ಯವಾಗಿರುವವರು ಅರ್ಧ ತಟ್ಟೆ ತರಕಾರಿ, ಸೊಪ್ಪು, ಹಣ್ಣಿಗೆ ಬಿಡಿ. ಹುರುಳಿಕಾಯಿ ಪಲ್ಯ, ಸೌತೆಕಾಯಿ ಹೆಸರುಬೇಳೆ ಕೋಸಂಬರಿ, ಬೂದುಗುಂಬಳದ ಮಜ್ಜಿಗೆಹುಳಿ, ಬಾಳೆದಿಂಡಿನ ಪಲ್ಯ, ದಂಟಿನ ಸೊಪ್ಪಿನ ಹುಳಿ. ಉಳಿದರ್ಧದಲ್ಲಿ ಮುದ್ದೆ ಅಥವಾ ಅನ್ನ, ಬೇಳೆ, ಮೊಸರು. ಮೊಟ್ಟೆ, ಮಾಂಸ ತಿನ್ನುವವರು ಅದರ ಪಕ್ಕದಲ್ಲೇ ಸೊಪ್ಪನ್ನೂ ಇಟ್ಟುಕೊಳ್ಳಲಿ. ಬೂದಿಯ ಲೆಕ್ಕ ತಾನಾಗಿ ಟ್ಯಾಲಿ ಆಗುತ್ತದೆ.

ಬೆಳೆಯುವ ಮಕ್ಕಳಿಗೆ ಹಾಲು, ಮೊಸರು, ಬೇಳೆ, ಮೊಟ್ಟೆಯನ್ನು "ಆಮ್ಲ" ಎಂದು ಹೆದರಿಸಿ ತಪ್ಪಿಸಬೇಡಿ. ಮಕ್ಕಳೇ, ನೀವೂ ತಟ್ಟೆಯ ಪಲ್ಯವನ್ನು ಅಜ್ಜಿಯ ಕಣ್ಣು ತಪ್ಪಿಸಿ ಬಾಗಿಸಬೇಡಿ. ಪುಟ್ಟ ಬಾಟಲಿಗಳಲ್ಲಿ ಬರುವ ಕಪ್ಪು ತಂಪು ಪಾನೀಯಗಳು ನಿಂಬೆರಸದ ಹತ್ತಿರ ಹತ್ತಿರದ ಆಮ್ಲ. ದೇಹದ ರಕ್ತಕ್ಕೆ ಅಲ್ಲದಿದ್ದರೂ ಹಲ್ಲಿನ ಹೊಳಪಿಗೆ ಅದರಿಂದ ನಷ್ಟವಿದೆ.

ಬಿ.ಪಿ., ಸಕ್ಕರೆ ಕಾಯಿಲೆ, ಹೃದಯ ಅಥವಾ ಕಿಡ್ನಿ ತೊಂದರೆ ಇರುವ ಅಜ್ಜ ಅಜ್ಜಿಯರೇ, ನಿಮಗೆ ನನ್ನ ಕೈಮುಗಿದ ವಿನಂತಿ. ಎಳನೀರು ಅಮೃತವೆಂದು ದಿನಾ ಕುಡಿಯುವ ಮೊದಲು, ಹಸಿ ಸೊಪ್ಪಿನ ರಸ ಶುರು ಮಾಡುವ ಮೊದಲು, ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ ಡಾಕ್ಟರನ್ನು ಕೇಳಿ. ದಿನಾ ಹಸಿ ಪಾಲಕ್ ರಸ ಕುಡಿದರೆ ಅದರ ಆಕ್ಸಲೇಟಿನಿಂದ ಕೆಲವರಿಗೆ ಕಿಡ್ನಿ ಕಲ್ಲಿನ ಭಯವೂ ಇದೆ. ಸೋಡಾವನ್ನು ಇಡ್ಲಿ ಬೋಂಡಾಗಳಿಗೇ ಬಿಟ್ಟುಬಿಡಿ. ನುಂಗುತ್ತಿರುವ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಡಾಕ್ಟರು ಪೊಟ್ಯಾಸಿಯಂ ಕಡಿಮೆ ಮಾಡಲು ಹೇಳಿದ್ದರೆ ತರಕಾರಿ, ಸೊಪ್ಪನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದು ತಿನ್ನಬೇಕು. ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ. ಇಲ್ಲಿ ನಮ್ಮ ಕಡೆಯವರಿಗೆ ಒಂದು ತೊಡಕು. ಬಸಿದ ನೀರನ್ನು ನಾವು ಚೆಲ್ಲುತ್ತೇವೆಯೇ? ಅದರಲ್ಲೇ ಅಲ್ಲವೇ ಬಸ್ಸಾರು ಮಾಡುವುದು! ಉಳಿದವರಿಗೆಲ್ಲ ಅದು ಒಳ್ಳೆಯದೇ, ಸತ್ತ್ವ ವ್ಯರ್ಥವಾಗುವುದಿಲ್ಲ. ನನ್ನಂಥವನಿಗೆ ಮಾತ್ರ ಬಿಟ್ಟ ಪೊಟ್ಯಾಸಿಯಂ ಬಟ್ಟಲಲ್ಲಿ ವಾಪಸ್ ಬಂದಂತೆ.

ಫ್ರಿಜ್ಜಿನ ಮೇಲೆ ಈಗ ಹಳೆಯ ಚಾರ್ಟ್ ಇಲ್ಲ. ಮೊಮ್ಮಗಳು ತನ್ನ ನೋಟ್‌ಬುಕ್ಕಿನ ಹಾಳೆಯಲ್ಲಿ ಹೊಸದೊಂದು ಬರೆದು ಅಂಟಿಸಿ ಊರಿಗೆ ಹೋದಳು. ಅದರಲ್ಲಿರುವುದು ಆಮ್ಲ, ಕ್ಷಾರ ಎಂಬ ಕಾಲಂಗಳಲ್ಲ. ಒಂದು ಕಡೆ "ಎಲ್ಲರಿಗೂ", ಇನ್ನೊಂದು ಕಡೆ "ತಾತನಿಗೆ". ಮುದ್ದೆ, ಮೊಸರು ಎರಡೂ ಕಡೆ ಇವೆ. ಎಳನೀರು ಒಂದೇ ಕಡೆ ಇದೆ.

ಕಳೆದ ಭಾನುವಾರ ಅವಳು ಬಂದಿದ್ದಳು. ಮನೆಯಲ್ಲಿ ಬಸ್ಸಾರು, ಮುದ್ದೆ. ಅಜ್ಜಿ ಮರೆತು ಸಾರಿನ ಸೌಟನ್ನು ನನ್ನ ತಟ್ಟೆಯ ಕಡೆ ತಂದಾಗ ಅವಳು ಕೈ ಅಡ್ಡ ಇಟ್ಟು, "ಅಜ್ಜಿ, ಪಲ್ಯ ತಾತನಿಗೆ, ಸಾರು ನನಗೆ" ಎಂದಳು. ನನಗೆ ಬೇಳೆಕಟ್ಟಿನ ತಿಳಿಸಾರು ಬಂತು. ಅದರ ಮೇಲೆ ಅವಳೇ ಅರ್ಧ ಹೋಳು ನಿಂಬೆಹಣ್ಣು ಹಿಂಡಿದಳು.